ಗೊಂಬೆಯ ಮಂಚಕ್ಕೆ ಒಂದು ಕೌದಿ

ಮೈಸೂರಿನ ಮನೆ ಮಾರುವುದು ಅಂತ ತೀರ್ಮಾನವಾದ ಮೇಲೆ ಅಮ್ಮ, ಚಿಕ್ಕಮ್ಮ, ನಾನು ಮೂವರೂ ಸೇರಿ ಅಟ್ಟ ಖಾಲಿ ಮಾಡಲು ಹೋದೆವು. ದಸರಾ ಗೊಂಬೆಗಳ ಪೆಟ್ಟಿಗೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದರ ಹಿಂದೆ ಇನ್ನೊಂದು ತಗಡಿನ ಟ್ರಂಕು ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಬೀಗ ತುಕ್ಕು ಹಿಡಿದು ಕೈಯಲ್ಲೇ ಕಿತ್ತು ಬಂತು. ಒಳಗೆ ಹರಿದ ಪಂಚೆ, ಹಳೇ ಸೀರೆ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆ ಸಾಮಾನು. ನಾಲ್ಕು ಕಂಬದ ಒಂದು ಮಂಚ, ಅದರಲ್ಲಿ ಒಂದು ಕಂಬ ಇಲ್ಲ. ಬೀಟೆ ಮರದ ಎರಡು ಕುರ್ಚಿ, ಬೆತ್ತದ ಹೆಣಿಗೆ ಪೂರ್ತಿ ಹೋಗಿ ಚೌಕಟ್ಟು ಮಾತ್ರ ಉಳಿದಿದೆ. ಹಿತ್ತಾಳೆ ಸರಪಳಿಯ ಒಂದು ಉಯ್ಯಾಲೆ. ಒಂದು ತೊಟ್ಟಿಲು, ಅದನ್ನು ಮಾತ್ರ ಯಾವ ಪುಣ್ಯಾತ್ಮರೋ ಕಪ್ಪು ಆಯಿಲ್ ಪೇಂಟ್‌ನಲ್ಲಿ ಮುಳುಗಿಸಿ ಎತ್ತಿದ್ದರು.

"ಇದು ಅಜ್ಜಿದು" ಅಂದರು ಅಮ್ಮ. ಅಜ್ಜಿ ಆಡಿಕೊಂಡಿದ್ದಲ್ಲ, ಅಜ್ಜಿ ಪ್ರತಿ ವರ್ಷ ಕೂರಿಸುತ್ತಿದ್ದದ್ದು. ಆಮೇಲೆ ಯಾವಾಗಲೋ ಕಂಬ ಮುರಿಯಿತು, ಟ್ರಂಕು ಸೇರಿತು, ಅಟ್ಟ ಹತ್ತಿತು.

ಹಳೇ ಮೈಸೂರಿನವರಿಗೆ ಗೊಂಬೆ ಹಬ್ಬದ ಬಗ್ಗೆ ಹೇಳುವುದೇನೂ ಇಲ್ಲ. ಬೇರೆಯವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನವರಾತ್ರಿಯ ಪಾಡ್ಯದ ದಿನ ಮನೆಯಲ್ಲಿ ಮೆಟ್ಟಿಲು ಕಟ್ಟಿ, ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲಿ, ಅದರ ಮೇಲೆ ಗೊಂಬೆ ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ರಕ್ತಚಂದನದ ಮರದ ಗಂಡು ಹೆಣ್ಣು ಜೋಡಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವುದು. ಸಂಜೆ ಆರತಿ, ಬರುವ ಮಕ್ಕಳಿಗೆ ಗೊಂಬೆ ಬಾಗಿನ ಅಂತ ತಿಂಡಿ. ವಿಜಯದಶಮಿ ರಾತ್ರಿ ಗೊಂಬೆಗಳನ್ನು ಮಲಗಿಸುತ್ತಾರೆ, ಆಮೇಲೆ ಎತ್ತಿಡುತ್ತಾರೆ. ನಮ್ಮಲ್ಲಿ ಸುಮ್ನೆ ಮೆಟ್ಟಿಲ ಮೇಲೇ ಅಡ್ಡ ಮಲಗಿಸುತ್ತಿದ್ದರು. ಅಜ್ಜಿಯ ಕಾಲದಲ್ಲಿ ಅವಕ್ಕೆ ಮಂಚ ಇತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಗೊಂಬೆ ಮೆಟ್ಟಿಲಲ್ಲಿ ಅಳತೆಗೆ ಬೆಲೆಯೇ ಇಲ್ಲ ಅನ್ನುವುದು ನಿಮಗೂ ಗೊತ್ತಿರುತ್ತೆ. ಶೆಟ್ಟಿ ಶೆಟ್ಟಮ್ಮ ತಮ್ಮ ಅಂಗಡಿಗಿಂತ ದೊಡ್ಡವರು. ಹುಲಿಗಿಂತ ಬೆಕ್ಕು ದೊಡ್ಡದು. ಕೃಷ್ಣ ಕದಿಯುವ ಬೆಣ್ಣೆ ಗಡಿಗೆಯೊಳಗೆ ಪಕ್ಕದ ಮನೆಯೇ ಹಿಡಿಸುತ್ತೆ. ಆದರೆ ಈ ಮಂಚ ಹಾಗಲ್ಲ. ಒಂಬತ್ತು ಇಂಚು ಉದ್ದ, ನಿಜವಾದ ಆರಡಿ ಮಂಚದ ಎಂಟನೇ ಒಂದು ಪಾಲು. ಪಟ್ಟದ ಗೊಂಬೆಯನ್ನು ಮಲಗಿಸಿದರೆ ತಲೆಗೂ ಕಾಲಿಗೂ ಸರಿಯಾಗಿ ಅರ್ಧ ಇಂಚು ಜಾಗ ಉಳಿಯುತ್ತೆ. ಯಾರೋ ಅಳೆದು ಮಾಡಿಸಿದ್ದಾರೆ.

ಸರಿ, ರಿಪೇರಿ ಮಾಡೋಣ ಅಂತ ಬೆಂಗಳೂರಿಗೆ ತಂದೆ. ಮೊದಲ ದಿನವೇ ಕೆಡಿಸಿದೆ.

ಮಂಚದ ಮೇಲೆ ಜಿಡ್ಡು, ಹೊಗೆ, ಕುಂಕುಮ ಎಲ್ಲಾ ಸೇರಿ ಗಟ್ಟಿಯಾದ ಒಂದು ಪದರ ಇತ್ತು. ಮನೆಯಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿತ್ತು, ಕನ್ನಡಕ, ಮೊಬೈಲು ಎಲ್ಲ ಅದರಲ್ಲೇ ಒರೆಸುತ್ತೇನೆ, ಇದನ್ನೂ ಒರೆಸಿದೆ. ಕೊಳೆ ಚೆನ್ನಾಗಿ ಬಂತು. ಎರಡನೇ ಸಲ ಒರೆಸಿದಾಗ ಬಟ್ಟೆ ಕೆಂಪಗಾಯಿತು. ಮೂರನೇ ಸಲ ಬೆರಳು ಅಂಟಿಕೊಂಡಿತು. ಆಗ ಹೊಳೆಯಿತು ನನ್ನ ಮಂಕು ತಲೆಗೆ, ಇದು ಪೇಂಟ್ ಅಲ್ಲ, ಅರಗು. ಅರಗು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್‌ಗೆ ಕರಗುತ್ತೆ. ಬಡಗಿಗಳು ಹಚ್ಚುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ ಅಲ್ವಾ? ಎಂಬತ್ತು ವರ್ಷ ಉಳಿದಿದ್ದ ಬಣ್ಣವನ್ನು ನಾನು ಎರಡು ನಿಮಿಷದಲ್ಲಿ ಕರಗಿಸಿದ್ದೆ. ಒಂದು ಕಾಲಿನ ಹಿಂಭಾಗ ಈಗಲೂ ಮಸುಕು. ಆ ಕಾಲನ್ನು ಗೋಡೆ ಕಡೆ ಇಡುತ್ತೇನೆ.

ಹಾಗಾದರೆ ಹೇಗೆ ಒರೆಸಬೇಕು? ಮೊದಲು ಒಣ ಬ್ರಶ್, ಮೆತ್ತಗಿನದು. ಆಮೇಲೆ ಎಂಜಲು. ತಮಾಷೆ ಅಲ್ಲ, ಮ್ಯೂಸಿಯಂಗಳಲ್ಲಿ ಹಳೇ ಚಿತ್ರ, ಹಳೇ ಮರ ಶುಚಿ ಮಾಡುವವರು ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಲ್ಲಿ ಒದ್ದೆ ಮಾಡಿ ಉಜ್ಜುವುದುಂಟು. ಜೊಲ್ಲಿನಲ್ಲಿರುವ ಕಿಣ್ವಗಳು ಕೊಳೆಯನ್ನು ಬಿಡಿಸುತ್ತವೆ, ಬಣ್ಣಕ್ಕೆ ಪೆಟ್ಟು ಕೊಡುವುದಿಲ್ಲ. ಕುರ್ಚಿಗಳನ್ನು ಹಾಗೇ ಒರೆಸಿದೆ. ಆದರೆ ಪೂಜೆಗೆ ಕೂರುವ ಗೊಂಬೆಯ ಮಂಚಕ್ಕೆ ಎಂಜಲು ಹಚ್ಚಿದೆ ಅಂತ ಅಮ್ಮನಿಗೆ ಗೊತ್ತಾದರೆ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಹಿಂಡಿದ ಒದ್ದೆ ಬಟ್ಟೆ ಸಾಕು ಅಂದುಕೊಂಡೆ. ನಿಧಾನ, ಅಷ್ಟೇ. ಮೂರು ಭಾನುವಾರ ಹಿಡಿಯಿತು.

ಕುರ್ಚಿಗಳಿಗೆ ಇನ್ನೊಂದು ಕಾಯಿಲೆ. ಬೀಟೆ ಮರದ ಕಪ್ಪು ತಿರುಳಿಗೆ ಹುಳು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಆದರೆ ಹೊರಗಿನ ಬಿಳಿ ಭಾಗ ಅದಕ್ಕೆ ಹಬ್ಬದೂಟ. ಈ ಕುರ್ಚಿಗಳನ್ನು ಯಾರೋ ಆಚಾರಿ ದೊಡ್ಡ ಸಾಮಾನು ಮಾಡಿ ಉಳಿದ ತುಂಡಲ್ಲಿ ಮಾಡಿದ್ದಿರಬೇಕು, ಅಲ್ಲಲ್ಲಿ ಬಿಳಿ ಇತ್ತು, ಬಿಳಿ ಇದ್ದಲ್ಲೆಲ್ಲ ಗುಂಡುಸೂಜಿ ಚುಚ್ಚಿದ ಹಾಗೆ ತೂತು. ಕೆಳಗೆ ಕಾಗದ ಹಾಸಿ ಇಟ್ಟರೆ ಬೆಳಿಗ್ಗೆಗೆ ಹಿಟ್ಟಿನಂಥ ಪುಡಿ ಉದುರಿರುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಇಲ್ಲದ ಹಾಗೆ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ, ಬಟಾಣಿ ಪೊಟ್ಟಣದ ಪಕ್ಕ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಮರದ ಮೇಲೆ ನೀರು ಕೂರುತ್ತೆ. ಅರಗಿನ ಮಂಚವನ್ನು ಮಾತ್ರ ಹಾಗೆ ಇಡಲು ಧೈರ್ಯ ಬರಲಿಲ್ಲ. ಚಳಿಗೆ ಅರಗು ಬಿರುಕು ಬಿಟ್ಟರೆ?

ಮಂಚ ಶುಚಿಯಾಗುತ್ತಾ ಹೋದ ಹಾಗೆ ತಲೆದಿಂಬಿನ ಕಡೆಯ ಹಲಗೆಯ ಮೇಲೆ ಒಂದು ವಿಚಿತ್ರ ಕಾಣಿಸಿತು. ಸಣ್ಣ ಸಣ್ಣ ಚೌಕ. ಮೊದಲು ಬಿರುಕು ಅಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ನೇಯ್ಗೆ. ಉದ್ದ ಎಳೆ, ಅಡ್ಡ ಎಳೆ, ಒಂದು ಕಡೆ ಅಂಚಿನ ದಪ್ಪ ಗೆರೆ. ಅಟ್ಟದ ಮೇಲೆ ಹೆಂಚಿನ ಕೆಳಗೆ ಎಷ್ಟೋ ಬೇಸಿಗೆ ಕಳೆದಿದೆಯಲ್ಲ, ಆ ಕಾವಿಗೆ ಅರಗು ಮೆದುವಾಗಿ, ಸುತ್ತಿದ್ದ ಸೀರೆಯ ಅಚ್ಚು ಅದರ ಮೇಲೆ ಕೂತುಬಿಟ್ಟಿದೆ. ಸೀರೆ ಯಾವುದು ಅಂತ ಹುಡುಕಿದೆ. ಟ್ರಂಕಿನಲ್ಲಿದ್ದ ತುಂಡುಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದೆ. ಯಾವುದೂ ಹೊಂದಲಿಲ್ಲ. ಆ ಸೀರೆ ಎಲ್ಲೋ ಹೋಗಿದೆ, ಅದರ ಅಚ್ಚು ಮಾತ್ರ ಇಲ್ಲಿದೆ.

ಕಂಬ ಮಾಡಿಸಲು ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರಿನಿಂದ 60 ಕಿಲೋಮೀಟರ್. ಈಗಿನ ಹೊಸ ಹೆದ್ದಾರಿ ಊರೊಳಗೆ ಹೋಗದೆ ಹೊರಗಿನಿಂದಲೇ ಸಾಗಿಬಿಡುತ್ತೆ, ಗೊಂಬೆ ಅಂಗಡಿ ನೋಡಬೇಕಿದ್ದರೆ ಹಳೇ ರಸ್ತೆಗೆ ಇಳಿಯಬೇಕು. ಅಲ್ಲೊಬ್ಬರು ಹಿರಿಯ ಕೆಲಸಗಾರರು ಮಂಚವನ್ನು ಕೈಯಲ್ಲಿ ತಿರುಗಿಸಿ ನೋಡಿ, ಉಗುರಲ್ಲಿ ಮೆಲ್ಲಗೆ ಒತ್ತಿ, "ನಮ್ಮೂರ್ದೇ" ಅಂದರು. ಮರ ಆಲೆ ಮರ, ಹಾಲೆ ಅಂತಲೂ ಹೇಳುತ್ತಾರೆ. ಬಿಳಿ, ಹಗುರ, ರೇಖೆ ಕಾಣದಷ್ಟು ನುಣುಪು. ಎರಡು ಮೂರು ತಿಂಗಳು ಒಣಗಿಸಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಹಳೇ ಕಂಬವನ್ನು ಪಕ್ಕದಲ್ಲಿಟ್ಟುಕೊಂಡು, ಅಳತೆ ಕಡ್ಡಿಯೂ ಇಲ್ಲದೆ ಉಳಿ ಹಿಡಿದರು. ಗುಬ್ಬು, ಕುತ್ತಿಗೆ, ಮತ್ತೆ ಗುಬ್ಬು. ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಆಮೇಲೆ ಅರಗಿನ ಕಡ್ಡಿ ತಗೊಂಡು ತಿರುಗುವ ಮರಕ್ಕೆ ಒತ್ತಿದರು. ಬೆಂಕಿ ಇಲ್ಲ, ಬ್ರಶ್ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಕೊನೆಗೆ ಕೇದಗೆ ಗರಿ ಮಡಿಸಿ ಹಿಡಿದರು, ಹೊಳಪು ಬಂತು.

ಹೊಳಪೇ ಸಮಸ್ಯೆ ಆಯಿತು. ಮೂರು ಹಳೇ ಕಂಬ ಒಣಗಿದ ಹುಣಸೆಹಣ್ಣಿನ ಬಣ್ಣ, ಹೊಸದು ಮಾತ್ರ ಲಿಪ್‌ಸ್ಟಿಕ್. "ಸ್ವಲ್ಪ ಹಳೇದರ ಥರ ಮಾಡಿಕೊಡೋಕಾಗುತ್ತಾ?" ಅಂತ ಕೇಳಿದೆ. ಅವರು ನಕ್ಕರು. "ಅದಕ್ಕೆ ಮಿಷನ್ ಇಲ್ಲ ಮೇಡಂ. ಒಂದ್ ವರ್ಷ ಮಕ್ಕಳ ಕೈಗೆ ಕೊಡಿ, ತಾನಾಗೇ ಆಗುತ್ತೆ." ತಲೆಹಲಗೆ ಮೇಲಿನ ಅಚ್ಚನ್ನೂ ತೋರಿಸಿದೆ. ಬೇಕಿದ್ದರೆ ಅರಗು ಬಿಸಿ ಮಾಡಿ ಸಮ ಮಾಡಿಕೊಡ್ತೀನಿ ಅಂದರು. ಬೇಡ ಅಂದೆ. ಅವರೂ ಒತ್ತಾಯ ಮಾಡಲಿಲ್ಲ.

ಕುರ್ಚಿಗಳ ಕಥೆ ಬೇಗ ಮುಗಿಸುತ್ತೇನೆ. ಒಂದು ಕುರ್ಚಿಯ ಕೀಲು ಸಡಿಲ ಆಗಿತ್ತು, ಬಿಸಿ ನೀರಿನ ಬಟ್ಟೆ ಇಟ್ಟರೆ ಹಳೇ ಅಂಟು ಸಲೀಸಾಗಿ ಬಿಟ್ಟಿತು. ಆಗಿನವರು ಚರ್ಮ, ಮೂಳೆ ಕುದಿಸಿ ಮಾಡುತ್ತಿದ್ದ ಅಂಟು ಅದು, ಬಿಸಿಗೆ ಬಿಟ್ಟುಕೊಡುತ್ತೆ. ಇನ್ನೊಂದನ್ನು ನಮ್ಮ ಮನೆಯವರೇ ಯಾರೋ ಫೆವಿಕಾಲ್ ಹಾಕಿ ಕೂರಿಸಿದ್ದರು. ಅದು ಬಿಡಲಿಲ್ಲ. ಸೊಟ್ಟಗೇ ಇದೆ, ಇರಲಿ. ಬೆತ್ತದ ಬದಲು ಕ್ರೋಶಾ ದಾರಕ್ಕೆ ಜೇನುಮೇಣ ಉಜ್ಜಿ ಹೆಣೆದೆ. ಮೊದಲು ಉದ್ದ, ಆಮೇಲೆ ಅಡ್ಡ, ಮತ್ತೆ ಉದ್ದ ಅಡ್ಡ, ಕೊನೆಗೆ ಎರಡು ಓರೆ. ದೊಡ್ಡ ಕುರ್ಚಿಗೆ ಬೆತ್ತ ಹಾಕುವವರ ಲೆಕ್ಕವೇ. ತೂತು ಮಾತ್ರ ಗುಂಡುಸೂಜಿ ದಪ್ಪದವು.

ಇನ್ನು ಬಟ್ಟೆ. ನನಗೆ ಹೇಳಬೇಕಾಗಿರುವುದೆಲ್ಲ ಇರುವುದೇ ಇಲ್ಲಿ.

ಮೊದಲು ಬಹಳ ಉತ್ಸಾಹದಲ್ಲಿ ಅಂಗಡಿಗೆ ಹೋಗಿ ಹೊಸ ರೇಷ್ಮೆ ತಂದೆ. ಕಾಲು ಮೀಟರ್, ನೇರಳೆ ಬಣ್ಣ, ಸಣ್ಣ ಬುಟ್ಟಾ. ಅಂಚು ಮಡಿಸಿ ಹೊಲಿದು ಮಂಚದ ಮೇಲೆ ಹಾಸಿದರೆ ಅದು ಹಾಸಿಕೊಳ್ಳಲೇ ಇಲ್ಲ. ರಟ್ಟಿನ ಹಾಗೆ ನಿಂತಿತು. ಮಂಚದ ಎರಡೂ ಕಡೆ ಇಳಿಬೀಳಬೇಕಾದದ್ದು ರೆಕ್ಕೆ ಬಿಚ್ಚಿಕೊಂಡು ಹಾರಲು ಹೊರಟ ಹಾಗೆ ಕಾಣುತ್ತಿತ್ತು. ಒದ್ದೆ ಮಾಡಿದೆ, ಇಸ್ತ್ರಿ ಮಾಡಿದೆ, ಥರ್ಮಾಕೋಲ್ ಹಲಗೆಗೆ ಪ್ಲಾಸ್ಟಿಕ್ ಸುತ್ತಿ ನೆರಿಗೆಗಳನ್ನು ಗುಂಡುಸೂಜಿಯಲ್ಲಿ ಚುಚ್ಚಿ ತೆಳು ಗಂಜಿ ಹಚ್ಚಿ ಒಣಗಿಸಿದೆ. ನೆರಿಗೆ ನಿಂತಿತು, ಆದರೆ ಮಲಗಿ ಎದ್ದ ಹಾಸಿಗೆಯ ಹಾಗಲ್ಲ, ಮದುವೆ ಮಂಟಪದ ಪರದೆಯ ಹಾಗೆ.

ಯಾಕೆ ಅಂತ ಯೋಚಿಸಿದರೆ ಸರಳ. ಮರವನ್ನು ಎಂಟನೇ ಒಂದಕ್ಕೆ ಇಳಿಸಬಹುದು. ಎಳೆಯನ್ನು ಇಳಿಸಲು ಆಗುವುದಿಲ್ಲ. ನಮ್ಮ ಹಾಸಿಗೆಯ ಮೇಲಿನ ಬಟ್ಟೆ ಇಳಿಬೀಳುವುದು ತನ್ನದೇ ಭಾರಕ್ಕೆ. ಒಂದೂವರೆ ಇಂಚು ತುಂಡಿಗೆ ಏನು ಭಾರ? ಗಡಸು ಮಾತ್ರ ಅಷ್ಟೇ ಇರುತ್ತೆ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ಕ್ವೀನ್ ಮೇರಿಯ ಗೊಂಬೆ ಮನೆ ಇದೆ. ನವದೆಹಲಿಯ ನಕ್ಷೆ ಮಾಡಿದ ಲುಟ್ಯೆನ್ಸ್ ಅವರೇ ಅದರ ಶಿಲ್ಪಿ, 1924ರಲ್ಲಿ ಮುಗಿಯಿತು. ಎಲ್ಲವೂ ಹನ್ನೆರಡನೇ ಒಂದು ಪಾಲು, ಒಂದು ಅಡಿಗೆ ಒಂದು ಇಂಚು. ನಲ್ಲಿಯಲ್ಲಿ ನೀರು ಬರುತ್ತೆ, ವಿದ್ಯುತ್ ದೀಪ ಇದೆ, ಲಿಫ್ಟು ಓಡುತ್ತೆ. ಅದರ ಫೋಟೋಗಳನ್ನು ರಾತ್ರಿ ಎಲ್ಲಾ ನೋಡಿದ್ದೇನೆ. ಕುರ್ಚಿ ಮೇಜು ನೋಡಿದರೆ ನಿಜವೋ ಗೊಂಬೆಯದೋ ಗೊತ್ತಾಗುವುದಿಲ್ಲ. ಪರದೆ ನೋಡಿದರೆ ಗೊತ್ತಾಗಿಬಿಡುತ್ತೆ, ನನ್ನ ಕಣ್ಣಿಗಂತೂ.

ಬೇಸರದಲ್ಲಿ ಹೊಸ ರೇಷ್ಮೆಯನ್ನು ತೆಗೆದು ಆ ಕಡೆ ಎಸೆದು, ಮಂಚಕ್ಕೆ ದೂಳು ಕೂರದಿರಲಿ ಅಂತ ಟ್ರಂಕಿನಲ್ಲಿದ್ದ ಹರಿದ ಪಂಚೆಯ ತುಂಡನ್ನೇ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡುತ್ತೇನೆ, ಅದು ನೀರಿನ ಹಾಗೆ ಇಳಿಬಿದ್ದಿದೆ. ಮೂಲೆಯಲ್ಲಿ ಮಡಿಕೆ, ಮಧ್ಯೆ ಸಣ್ಣ ಗುಳಿ. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು.

ತಾತನ ಪಂಚೆ ಅದು. ನೂರಾರು ಸಲ ಕಲ್ಲಿಗೆ ಬಡಿಸಿಕೊಂಡು, ನೀಲಿ ಹಾಕಿಸಿಕೊಂಡು, ಬಿಸಿಲಲ್ಲಿ ಒಣಗಿ, ಎಳೆ ಎಳೆಯೂ ಸವೆದು ಅರ್ಧ ಆಗಿದೆ. ಎಳೆಯನ್ನು ಸಣ್ಣ ಮಾಡಲು ಆಗುವುದಿಲ್ಲ ಅಂದೆನಲ್ಲ, ಆಗುತ್ತೆ. ಯಾರಾದರೂ ಉಡಬೇಕು ಅಷ್ಟೇ, ಮೂವತ್ತು ವರ್ಷ.

ಅಲ್ಲಿಂದ ಹಳೇ ಬಟ್ಟೆ ಹುಡುಕುವುದೇ ಕೆಲಸವಾಯಿತು. ಅಜ್ಜಿಯ ಜರಿ ಸೀರೆಗಳು ಸಿಗಲಿಲ್ಲ. ಅವೆಲ್ಲ ಬೀದಿಯಲ್ಲಿ ಬರುತ್ತಿದ್ದ ಪಾತ್ರೆಯವನ ಪಾಲಾಗಿದ್ದವು. ಜರಿಯಲ್ಲಿ ಬೆಳ್ಳಿ ಇರುತ್ತಿತ್ತಲ್ಲ, ಒಂದು ಸೀರೆಗೆ ಎರಡು ಸ್ಟೀಲ್ ಡಬ್ಬಿ. ಆ ಡಬ್ಬಿಗಳು ಇನ್ನೂ ಅಮ್ಮನ ಅಡುಗೆಮನೆಯಲ್ಲಿವೆ, ಒಂದರಲ್ಲಿ ತೊಗರಿಬೇಳೆ. ಒಂದೇ ಒಂದು ಮೈಸೂರು ಸಿಲ್ಕ್ ಉಳಿದಿತ್ತು, ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಕ್ರೇಪ್ ಆದ್ದರಿಂದ ಇಳಿಬೀಳುವುದೇನೋ ಸೊಗಸು, ಆದರೆ ಮುಟ್ಟಿದರೆ ಬಿರಿಯುತ್ತಿತ್ತು. ಅಂಚೋ ಮೂರು ಇಂಚು. ಗೊಂಬೆಯ ಮಂಚಕ್ಕೆ ಹಾಕಿದರೆ ಅರ್ಧ ಮಂಚ ಜರಿಯೇ. ಅಂಚಿನ ಕೊನೆಯ ಒಂದು ಗೆರೆ ಮಾತ್ರ ಬಿಡಿಸಿಕೊಂಡು ಉಯ್ಯಾಲೆಯ ಹಾಸಿಗೆಗೆ ಕಟ್ಟಿದೆ. ಉಯ್ಯಾಲೆಯ ದಿಂಬಿಗೆ ಗುಳೇದಗುಡ್ಡದ ಖಣ. ಈ ಕೆಲಸಕ್ಕೆ ಖಣದಂಥ ಬಟ್ಟೆ ಇನ್ನೊಂದಿಲ್ಲ ಅಂತ ನಾನು ಜಗಳ ಆಡಿಯಾದರೂ ಹೇಳುತ್ತೇನೆ. ಕುಪ್ಪಸಕ್ಕೆ ಅಂತಲೇ ನೇಯುವುದಾದ್ದರಿಂದ ಅದರ ವಿನ್ಯಾಸವೇ ಸಣ್ಣದು, ಎಂಟನೇ ಒಂದು ಪಾಲಿನ ಜಗತ್ತಿಗೆ ಹೇಳಿ ಮಾಡಿಸಿದ ಹಾಗೆ.

ಹಾಸಿಗೆ ತುಂಬಿಸುವಾಗ ಇನ್ನೊಂದು ಎಡವಟ್ಟು. ಹತ್ತಿ ತುಂಬಿದರೆ ಉಂಡೆಯಾಗುತ್ತೆ, ಬೂರುಗದ ಹತ್ತಿ ಪುಟಿದು ನಿಲ್ಲುತ್ತೆ. ಗೊಂಬೆಗೆ ಭಾರ ಇಲ್ಲ, ಹಾಸಿಗೆ ತಗ್ಗುವುದೇ ಇಲ್ಲ. ಭಾರಕ್ಕೆ ಅಂತ ದಿಂಬಿನೊಳಗೆ ರಾಗಿ ತುಂಬಿದೆ. ಬಹಳ ಚೆನ್ನಾಗಿ ಕೂತಿತು. ಮೂರು ತಿಂಗಳಲ್ಲಿ ದಿಂಬು ತಾನಾಗೇ ಅಲುಗಾಡಲು ಶುರುವಾಯಿತು. ಹುಳು. ಎಲ್ಲ ಬಿಚ್ಚಿ, ಒಗೆದು, ತೊಳೆದು ಒಣಗಿಸಿ ಜರಡಿ ಹಿಡಿದ ಮರಳು ತುಂಬಿದೆ. ಇನ್ನು ಮೇಲೆ ತಿನ್ನುವ ಪದಾರ್ಥ ಬಟ್ಟೆಯೊಳಗೆ ಇಡುವುದಿಲ್ಲ ಅಂತ ಶಪಥ ಮಾಡಿದೆ.

ಇಷ್ಟಾದರೂ ಹೊದಿಕೆ ಆಗಿರಲಿಲ್ಲ. ಗಂಡನ ಮನೆ ಧಾರವಾಡ. ರಜೆಗೆ ಹೋದಾಗ ಮಂಚವನ್ನೂ ಒಯ್ದಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಗೊಂಬಿಗೂ ಥಂಡಿ ಆಗ್ತದೇನವಾ?" ಅಂತ ನಕ್ಕರು. ಮರುದಿನ ತಾವೇ ಗಂಟು ಬಿಚ್ಚಿ ಕೂತರು. ಹಳೇ ಇಳಕಲ್ ಸೀರೆಯ ತುಂಡು, ಮಾವನವರ ಧೋತರ, ಯಾರದೋ ಬಾಲ್ಯದ ಕುಂಚಿಗೆ. ನಾನು ಸುಮ್ಮನಿರಲಾರದೆ ಆ ನೇರಳೆ ರೇಷ್ಮೆಯನ್ನೂ ಕೊಟ್ಟೆ. ಎರಡು ಬೆರಳಲ್ಲಿ ಉಜ್ಜಿ ನೋಡಿ ವಾಪಸ್ ಇಟ್ಟರು. "ಹೊಸಾ ಅರಿಬಿಯೊಳಗ ಯಾರರ ಕೌದಿ ಹೊಲೀತಾರೇನು?"

ನಾನು ಒಂದು ತಿಂಗಳು ಒದ್ದಾಡಿ ಕಂಡುಕೊಂಡದ್ದು ಅವರಿಗೆ ಪ್ರಶ್ನೆಯೇ ಅಲ್ಲ. ಕೌದಿ ಅಂದರೇ ಹಳೇ ಬಟ್ಟೆ. ಮೆತ್ತಗಾದ ಮೇಲೇ ಅದು ಕೌದಿಗೆ ಬರುವುದು.

ಎಂಟು ಇಂಚು ಉದ್ದ, ಆರು ಇಂಚು ಅಗಲ. ಒಳಗೆ ಧೋತರದ ಒಂದು ಪದರ, ದೊಡ್ಡ ಕೌದಿಯ ಹಾಗೆ ನಾಲ್ಕೈದು ಇಟ್ಟರೆ ಇಟ್ಟಿಗೆಯಾಗುತ್ತೆ. ಮೇಲೆ ಉಗುರಗಲದ ತುಂಡುಗಳು. ಹೊಲಿಗೆ ಹೊರಗಿನ ಅಂಚಿನಿಂದ ಶುರು, ಸುತ್ತುತ್ತಾ ಸುತ್ತುತ್ತಾ ಒಳಗೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯಲ್ಲಿ ಮೂಲೆಗೆ ಬಣ್ಣದ ತುಂಡುಗಳನ್ನು ಮೂರು ಮೂಲೆಯಾಗಿ ಮಡಿಸಿ ಒಂದರ ಮೇಲೊಂದು ಇಟ್ಟು ಹೂವಿನ ಥರ ಮಾಡುತ್ತಾರೆ. ಆ ಆಸೆಯೂ ನನಗಿತ್ತು, ಅತ್ತೆ ಬೇಡ ಅಂದರು, ಅದು ನಮ್ಮ ಪದ್ಧತಿ ಅಲ್ಲ. ಸಾಲಿಗೂ ಸಾಲಿಗೂ ಮೂರು ಮಿಲಿಮೀಟರ್ ಬಿಟ್ಟು ಹೊಲಿದೆ, ಕಣ್ಣು ನೋವು ಬಂತು. "ಭಾಳ ದೂರ ದೂರ ಬಿದ್ದಾವ" ಅಂದರು. ಅಳತೆಯ ಲೆಕ್ಕದಲ್ಲಿ ಅವರು ಹೇಳಿದ್ದೇ ಸರಿ, ದೊಡ್ಡ ಕೌದಿಯಲ್ಲಿ ಅದು ಒಂದು ಇಂಚು ಅಂತರ ಆಗುತ್ತೆ. ಬಿಚ್ಚಲಿಲ್ಲ.

ದಿಂಬಿಗೆ ಕಸೂತಿ ಹಾಕಲು ಹೋಗಿ ಸೋತೆ. ಕಸೂತಿಗೆ ಗೀಟು ಎಳೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಬೀಳಬಾರದು. ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣಬೇಕು. ಗೋಪುರ ಹಾಕಲು ಹೊರಟೆ, ಎರಡಿಂಚಿನ ದಿಂಬಿನಲ್ಲಿ ಗೋಪುರದ ಬುಡವೇ ಹಿಡಿಸಲಿಲ್ಲ. ಕೊನೆಗೆ ಮುರಗಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಸಾಲು, ಅಷ್ಟೇ. ಅದಕ್ಕೇ ಹನ್ನೊಂದು ದಿನ.

ಕೌದಿಯ ಹೊಲಿಗೆ ಸುತ್ತಿ ಬಂದು ಮಧ್ಯದಲ್ಲಿ ಹೆಬ್ಬೆರಳಿನಷ್ಟು ಜಾಗ ಉಳಿದಾಗ ಅತ್ತೆ "ತಡಿ" ಅಂದರು. ಒಳಗೆ ಹೋಗಿ ಬಂದರು. ಬೆರಳ ತುದಿಯಲ್ಲಿ ಹೋಳಿಗೆಯ ಒಂದು ಚೂರು, ಸಾಸಿವೆ ಕಾಳಿನಷ್ಟು. ಕೌದಿಯ ಹೊಟ್ಟೆ ಮುಚ್ಚುವ ಮೊದಲು ಅದಕ್ಕೆ ಏನಾದರೂ ಉಣ್ಣಿಸಬೇಕಂತೆ. "ಖಾಲಿ ಹೊಟ್ಟೀಲೆ ಬಿಡಬಾರದು."

ರಾಗಿ ದಿಂಬಿನ ಕಥೆ ಹೇಳಿದೆ. ಹುಳು ಬರುತ್ತೆ ಅತ್ತೆ, ಬೆಲ್ಲ ಬೇರೆ ಇದೆ, ಇರುವೆ ಬರುತ್ತೆ, ಬಟ್ಟೆ ಎಲ್ಲಾ ಹಾಳಾಗುತ್ತೆ ಅಂದೆ. ಅವರು ವಾದ ಮಾಡಲಿಲ್ಲ. ಚೂರನ್ನು ಒಳಗೆ ಇಟ್ಟು ನನ್ನ ಕೈಗೆ ಸೂಜಿ ಕೊಟ್ಟರು.

ಆ ವರ್ಷ ಮಂಚ ಮೆಟ್ಟಿಲೇರಿತು. ಕಸೂತಿ ದಿಂಬು, ತಾತನ ಪಂಚೆಯ ಹಾಸು, ಮೇಲೆ ಕೌದಿ. ವಿಜಯದಶಮಿ ರಾತ್ರಿ ಆರತಿ ಆದ ಮೇಲೆ ಅಮ್ಮ ಪಟ್ಟದ ಗೊಂಬೆಗಳನ್ನು ಇಳಿಸಿ ಮಂಚದ ಮೇಲೆ ಮಲಗಿಸಿದರು. ಇಬ್ಬರಿಗೆ ಜಾಗ ಸ್ವಲ್ಪ ಇಕ್ಕಟ್ಟು. ತಂಗಿಯ ಮಗಳು ಕೌದಿಯನ್ನು ಕತ್ತಿನವರೆಗೂ ಎಳೆದು ಹೊದಿಸಿದಳು, ಆಮೇಲೆ ಸೆಖೆ ಆಗುತ್ತೆ ಅಂತ ಸ್ವಲ್ಪ ಕೆಳಗೆ ಮಾಡಿದಳು. ಮರುದಿನ ಎಲ್ಲ ಎತ್ತಿಟ್ಟೆ. ಬಟ್ಟೆ ಬೇರೆ, ಮರ ಬೇರೆ. ಅರಗಿಗೆ ಬಟ್ಟೆ ತಾಗದ ಹಾಗೆ ಮಧ್ಯೆ ಕಾಗದ. ಒಣಗಿದ ಬೇವಿನ ಸೊಪ್ಪು, ನಾಲ್ಕು ಲವಂಗ.

ಈ ವರ್ಷ ಪೆಟ್ಟಿಗೆ ತೆಗೆದಾಗ ಹಾಸು ಚೆನ್ನಾಗಿತ್ತು, ದಿಂಬು ಚೆನ್ನಾಗಿತ್ತು. ಕೌದಿ ಬಿಚ್ಚಿದೆ. ಸರಿಯಾಗಿ ನಡು ಮಧ್ಯದಲ್ಲಿ ಕಡಲೆಕಾಳಿನಷ್ಟು ತೂತು. ಬೇರೆಲ್ಲೂ ಇಲ್ಲ. ಅಲ್ಲಿ ಮಾತ್ರ.

ಅತ್ತೆ ದಸರೆಗೆ ಅಂತ ಬೆಂಗಳೂರಿಗೆ ಬಂದಿದ್ದರು. ನಾನು ಏನೂ ಮಾತಾಡದೆ ಕೌದಿ ತಗೊಂಡು ಹೋಗಿ ಅವರ ಮುಂದೆ ಹಿಡಿದೆ. ಬೆಳಕಿಗೆ ಎತ್ತಿ ನೋಡಿದರು. ತೂತಿನ ಮೂಲಕ ನನ್ನ ಕಡೆಯೂ ನೋಡಿದರು. ಮುಖ ಅರಳಿತು.

"ಉಂಡಾವ ಬಿಡು" ಅಂದರು.

ಇಳಕಲ್ ಸೀರೆಯ ತುಂಡು ಇನ್ನೂ ಸ್ವಲ್ಪ ಉಳಿದಿತ್ತು. ತೇಪೆ ಹಾಕಲು ಕೂತೆ. ಮೂರು ಕಡೆ ಹೊಲಿದು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅತ್ತೆ ಪಕ್ಕದಲ್ಲಿ ಬಂದು ಕೂತಿದ್ದರು, ಬೆರಳ ತುದಿಯಲ್ಲಿ ಇನ್ನೊಂದು ಚೂರು ಹಿಡಿದುಕೊಂಡು.